ಸ್ಕ್ವೇರ್ ಫೀಟಿಗೆ 1,950ರ ಪ್ಯಾಕೇಜು: ಕಾರವಾರದಲ್ಲಿ ಬಾಡಿಗೆ ಮನೆ ಕಟ್ಟಿಸಿದ ಮೇಲೆ ಬರೆದ ರಿವ್ಯೂ

ಐದಕ್ಕೆ ಮೂರು ಸ್ಟಾರ್. ಕೆಲ್ಸಕ್ಕೆ ನಾಲ್ಕು, ಲೆಕ್ಕ ಹೇಳೋ ರೀತಿಗೆ ಎರಡು, ಸೇರ್ಸಿ ಭಾಗಿಸಿದ್ರೆ ಮೂರು. ಕಂಪನಿ ಹೆಸ್ರು ಹಾಕ್ತಾ ಇಲ್ಲ, ಯಾಕಂದ್ರೆ ಕೊಟೇಶನ್ ತಗೊಂಡ ಬೇರೆಯವ್ರ ಹಾಳೆನೂ ಹೆಚ್ಚುಕಮ್ಮಿ ಇದೇ ತರ ಇತ್ತು, ಅವೇ ಸಿಮೆಂಟ್ ಬ್ರ್ಯಾಂಡು, ಅದೇ ಟೈಲ್ಸ್ ಬಜೆಟ್ಟು, ಕೊನೇಲಿ ಅದೇ ಸಣ್ಣ ಅಕ್ಷರ. ಹಾಗಾಗಿ ಇದನ್ನ ಒಬ್ರ ಮೇಲಿನ ದೂರು ಅಂತ ಓದ್ಬೇಡಿ, ಅಡಿಗೆ ಇಷ್ಟು ಅಂತ ಸಾಮಾನು ಸಮೇತ ಕಟ್ಟಿಕೊಡೋ ಈ ಪ್ಯಾಕೇಜ್ ಕಂಟ್ರಾಕ್ಟ್ ಅನ್ನೋ ಸರ್ವಿಸು ನಮ್ಮ ಕರಾವಳಿಗೆ, ಅದ್ರಲ್ಲೂ ಬಾಡಿಗೆಗೆ ಅಂತ ಕಟ್ಟೋ ಮನೆಗೆ ಎಷ್ಟು ಹೊಂದತ್ತೆ ಅಂತ ನೋಡ್ಕೊಳ್ಳಿ.

ನಮ್ದು ಸುಂಕೇರಿ ಕಡೆ ಮೂರು ಗುಂಟೆ ಜಾಗ. ಕೆಳಗೊಂದು ಮೇಲೊಂದು, ಎರಡೆರಡು ಬೆಡ್‌ರೂಮಿನ ಎರಡು ಮನೆ, ಎರಡೂ ಬಾಡಿಗೆಗೇ. ಬಾಡಿಗೆಗೆ ಜನ ಸಿಗ್ತಾರಾ ಅನ್ನೋ ಚಿಂತೆ ಕಾರವಾರದಲ್ಲಿ ಅಷ್ಟು ಇಲ್ಲ, ಅರಗಾದಲ್ಲಿ ನೇವಿ ಬೇಸ್ ಇದೆ, ಮೆಡಿಕಲ್ ಕಾಲೇಜಿದೆ, ಜಿಲ್ಲಾ ಕೇಂದ್ರ ಆದ್ದರಿಂದ ವರ್ಗ ಆಗಿ ಬರೋ ನೌಕರರು ಯಾವಾಗ್ಲೂ ಮನೆ ಹುಡುಕ್ತಾನೇ ಇರ್ತಾರೆ, ಕೈಗಾ ಕೆಲ್ಸಕ್ಕೆ ಬರೋ ಕಂಪನಿಯವ್ರೂ ಕೇಳ್ತಾರೆ. ಅಕ್ಕಪಕ್ಕ ವಿಚಾರಿಸಿದಾಗ ಇಂಥ ಮನೆಗೆ ತಿಂಗಳಿಗೆ 13 ಸಾವಿರ ಬರತ್ತೆ ಅಂತ ಆಯ್ತು, ಎರಡಕ್ಕೆ 26, ವರ್ಷಕ್ಕೆ 3 ಲಕ್ಷ 12 ಸಾವಿರ. ಆದಾಯದ ಅಂಕಿ ಇಷ್ಟೇ, ಅದು ಎಳೆದ್ರೂ ಹಿಗ್ಗಲ್ಲ. ಹಿಗ್ಗೋದು ಏನಿದ್ರೂ ಖರ್ಚಿನ ಅಂಕಿ, ಅದಕ್ಕೇ ನಾನು ಮೊದ್ಲಿಂದ ಒಂದು ಬೇರೆ ಪಟ್ಟಿ ಇಟ್ಟಿದ್ದೆ, ಎಡಗಡೆ ಕಂಪನಿ ಹೇಳಿದ್ದು, ಬಲಗಡೆ ನಿಜವಾಗಿ ಹೋಗಿದ್ದು.

ಕಂಪನಿಯವ್ರು ಹೇಳಿದ್ದು 2,000 ಅಡಿ, ಅಡಿಗೆ 1,950, ಒಟ್ಟು 39 ಲಕ್ಷ. 39 ಹಾಕಿ ವರ್ಷಕ್ಕೆ 3.12 ಬಂದ್ರೆ ನೂರಕ್ಕೆ ಎಂಟು, ಅವ್ರ ಮಾರ್ಕೆಟಿಂಗ್ ಹುಡುಗ ಇದೇ ಲೆಕ್ಕ ಮೊಬೈಲಲ್ಲಿ ಒತ್ತಿ ತೋರಿಸ್ದ, "ಮೇಡಂ, ಎಫ್‌ಡಿಗಿಂತ ಜಾಸ್ತಿ ನೋಡಿ" ಅಂದ. ಜಾಗದ ಬೆಲೆ ಆ ಲೆಕ್ಕದಲ್ಲಿ ಎಲ್ಲೂ ಇಲ್ಲ ಅನ್ನೋದನ್ನ ಸದ್ಯ ಬಿಡಿ, ಜಾಗ ನಮ್ಮ ಮಾವನ ಕಾಲದ್ದು.

ಮೊದ್ಲು ಆ 2,000 ಅಡಿ ಹೇಗೆ ಬಂತು ಅಂತ ಹೇಳ್ತೀನಿ. ಅವ್ರ ಮೊದಲನೇ ಅಳತೆ 2,140 ಇತ್ತು. ಬಾಲ್ಕನಿ ಪೂರ್ತಿ, ಮೆಟ್ಟಿಲ ಮೇಲಿನ ಹೆಡ್‌ರೂಮ್ ಪೂರ್ತಿ, ಮುಂದಿನ ಸಿಟೌಟ್ ಪೂರ್ತಿ, ಎಲ್ಲಾನೂ ಹಾಲು ಬೆಡ್‌ರೂಮಿನ ರೇಟಲ್ಲೇ ಅಳ್ದಿದ್ರು. ಗೋಡೆ ಇಲ್ಲದ, ಕಿಟಕಿ ಇಲ್ಲದ, ವೈರಿಂಗ್ ಒಂದು ಬಲ್ಬಿನಷ್ಟು ಮಾತ್ರ ಇರೋ ಜಾಗಕ್ಕೆ ಪೂರ್ತಿ ರೇಟ್ ಯಾಕೆ ಅಂತ ಕೂತು ಮಾತಾಡಿದ ಮೇಲೆ ಅವಕ್ಕೆ ಅರ್ಧ ರೇಟ್ ಅಂತ ಆಯ್ತು, ಲೆಕ್ಕ 2,000ಕ್ಕೆ ಬಂತು. 140 ಅಡಿ ಅಂದ್ರೆ 2 ಲಕ್ಷ 73 ಸಾವಿರ ಮಾರಾಯ್ರೆ, ಬರೀ ಟೇಪ್ ಎಲ್ಲಿಂದ ಎಲ್ಲಿಗೆ ಹಿಡೀತಾರೆ ಅನ್ನೋದ್ರಲ್ಲಿ. ಇದಕ್ಕೆ ಅವ್ರು ಜಗಳ ಮಾಡ್ಲಿಲ್ಲ, ಕೇಳಿದವ್ರಿಗೆ ಬಿಡ್ತಾರೆ ಅಂತ ಕಾಣ್ಸತ್ತೆ, ಕೇಳದೆ ಇದ್ದವ್ರಿಗೆ ಇಲ್ಲ.

ಎರಡನೇದು ಜಿಎಸ್‌ಟಿ. ಹಾಳೆ ಕೊನೇಲಿ "ತೆರಿಗೆ ಪ್ರತ್ಯೇಕ" ಅಂತ ಎರಡೇ ಎರಡು ಪದ. ಸಾಮಾನು ಸಮೇತ ಕಟ್ಟಿಕೊಡೋ ಕಂಟ್ರಾಕ್ಟಿಗೆ 18 ಪರ್ಸೆಂಟ್, 39 ಲಕ್ಷಕ್ಕೆ 7 ಲಕ್ಷದ ಮೇಲೆ. ಒಂದೇ ಕುಟುಂಬ ಇರೋ ಒಂಟಿ ಮನೆಗೆ ಬರೀ ಮಜೂರಿ ಗುತ್ತಿಗೆ ಕೊಟ್ರೆ ಆ ಮಜೂರಿಗೆ ಜಿಎಸ್‌ಟಿ ವಿನಾಯಿತಿ ಇದೆ, ಆದ್ರೆ ನಮ್ದು ಎರಡು ಮನೆ, ಸಾಮಾನೂ ಅವ್ರದ್ದೇ, ಹಾಗಾಗಿ ಆ ದಾರಿ ಇಲ್ಲ. "ಬಿಲ್ ಬೇಡ ಅಂದ್ರೆ ಬಿಡ್ಬಹುದು ಮೇಡಂ" ಅನ್ನೋ ಮಾತೂ ಬಂತು, ಬ್ಯಾಂಕ್ ಸಾಲ ಇರೋವ್ರಿಗೆ, ನಾಳೆ ಏನಾದ್ರೂ ಬಿರುಕು ಬಿಟ್ರೆ ಕೇಳ್ಬೇಕಾದವ್ರಿಗೆ, ಬಿಲ್ ಇಲ್ಲದ ಕೆಲ್ಸ ಯಾವ ಧೈರ್ಯದ ಮೇಲೆ. ಕೊನೆಗೆ 1,950 ಅನ್ನೋದು ತೆರಿಗೆ ಸೇರಿಸಿದ ರೇಟು ಅಂತ ಕರಾರಲ್ಲಿ ಬರೆಸಿದ ಮೇಲೇ ಸಹಿ ಹಾಕಿದ್ದು. ನೀವು ಎರಡು ಮೂರು ಕಡೆ ಕೊಟೇಶನ್ ಹೋಲಿಸ್ತಾ ಇದ್ರೆ ಮೊದ್ಲು ಈ ಸಾಲು ನೋಡಿ, 1,750 ಅಂತ ಹೇಳಿ ತೆರಿಗೆ ಹೊರಗಿಟ್ಟವ್ನು 1,950ರವನಿಗಿಂತ ದುಬಾರಿ ಬೀಳ್ತಾನೆ.

ಈಗ ಬಲಗಡೆ ಪಟ್ಟಿ.

ಜಾಗ ರಸ್ತೆಗಿಂತ ತಗ್ಗಿತ್ತು, ಮೊದ್ಲು ಗದ್ದೆ ಆಗಿದ್ದ ಜಾಗ, ಮಳೆಗಾಲದಲ್ಲಿ ನೀರು ನಿಲ್ಲೋದು. ಮೂರಡಿ ಎತ್ತರಿಸ್ಬೇಕು. ಒಂದು ಗುಂಟೆ 1,089 ಚದರ ಅಡಿ, ಮೂರು ಗುಂಟೆಗೆ ಮೂರಡಿ ಅಂದ್ರೆ ಹತ್ತು ಸಾವಿರ ಘನ ಅಡಿ ಹತ್ರ, ಬ್ರಾಸಿಗೆ ನೂರು ಅಡಿ ಅಂತ ಹಿಡಿದ್ರೆ ನೂರು ಬ್ರಾಸ್ ಮಣ್ಣು. ಅದೂ ಕುಸಿದು ಕೂತ ಮೇಲೆ ಮತ್ತೆ ಮೇಲಿಂದ ಹಾಕ್ಬೇಕು. 1.75 ಲಕ್ಷ ಹೋಯ್ತು. ಪ್ಯಾಕೇಜಲ್ಲಿ "ಸಮತಟ್ಟಾದ ನಿವೇಶನ" ಅಂತ ಇರತ್ತೆ, ಹುಬ್ಬಳ್ಳಿ ಲೇಔಟಲ್ಲಿ ಅದು ನಿಜ ಇರ್ಬಹುದು, ಕಾಳಿ ಹೊಳೆ ಹತ್ರ ಸಮತಟ್ಟಾದ ನಿವೇಶನ ನಾನಂತೂ ನೋಡಿಲ್ಲ. ಹೊಳೆ ಅಂದ್ಕೂಡ್ಲೆ ಇನ್ನೊಂದು, ಕರಾವಳಿ ನಿಯಂತ್ರಣ ವಲಯ, ಅಂದ್ರೆ ಸಿಆರ್‌ಝಡ್. ಸಮುದ್ರದ ಭರತದ ಗೆರೆಯಿಂದ 500 ಮೀಟರ್ ಒಳಗೆ ಇದ್ರೆ, ಅಥವಾ ಉಬ್ಬರದ ನೀರು ಬರೋ ಹೊಳೆ ಪಕ್ಕ ಇದ್ರೆ, ಮನೆ ಕಟ್ಟೋ ಮೊದ್ಲು ಆ ಪರವಾನಿಗೆ ವಿಷ್ಯ ವಿಚಾರಿಸ್ಲೇಬೇಕು. ನಮ್ಮ ಜಾಗ ಹೊರಗೆ ಬಂತು, ಆದ್ರೂ ಹೊರಗಿದೆ ಅಂತ ಖಾತ್ರಿ ಮಾಡ್ಕೊಳ್ಳೋಕೆ ಸರ್ವೆ ನಕ್ಷೆ, ಓಡಾಟ, ಸಮಯ ಎಲ್ಲಾ ಹೋಗತ್ತೆ. ಪ್ಲಾನು, ಸ್ಟ್ರಕ್ಚರಲ್ ಡ್ರಾಯಿಂಗು, ನಗರಸಭೆ ಫೀಸು, ಕಾರ್ಮಿಕ ಸೆಸ್ ಎಲ್ಲಾ ಸೇರಿ 95 ಸಾವಿರ. ಈ ಸೆಸ್ಸು ನಾವು ಕಟ್ಟುವಾಗ 1996ರ ಕಾಯ್ದೆ ಪ್ರಕಾರ ಕಟ್ಟಡದ ಖರ್ಚಿನ ಒಂದು ಪರ್ಸೆಂಟ್ ಇತ್ತು, ಸ್ವಂತಕ್ಕೆ ಕಟ್ಕೊಳ್ಳೋ 10 ಲಕ್ಷದ ಒಳಗಿನ ಮನೆಗೆ ಮಾತ್ರ ಇರ್ಲಿಲ್ಲ, 10 ಲಕ್ಷಕ್ಕೆ ಯಾವ ಮನೆ ಆಗತ್ತೆ ಹೇಳಿ.

ಇನ್ನು ಕಾಂಕ್ರೀಟು. ಇದೇ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸಿದ್ದು, ಯಾಕಂದ್ರೆ ಉಳಿದಿದ್ದೆಲ್ಲ ಕಣ್ಣಿಗೆ ಕಾಣೋ ಖರ್ಚು, ಇದು ಕಾಣಲ್ಲ. ಹಾಳೆಲಿ ಎಂ20 ಅಂತ ಇತ್ತು, ಇದು ಕಾಂಕ್ರೀಟಿನ ಗಟ್ಟಿತನದ ದರ್ಜೆ, ನಂಬರ್ ಜಾಸ್ತಿ ಆದಷ್ಟೂ ಗಟ್ಟಿ. ಐಎಸ್ 456 ಅನ್ನೋ ಸ್ಟ್ಯಾಂಡರ್ಡ್ ಇದೆ, 2000ನೇ ಇಸವಿದು, ಅದ್ರಲ್ಲಿ ಕರಾವಳಿ ವಾತಾವರಣಕ್ಕೆ ತೆರ್ಕೊಂಡಿರೋ ಕಾಂಕ್ರೀಟು ತೀವ್ರ ಅನ್ನೋ ವರ್ಗಕ್ಕೆ ಬರತ್ತೆ, ಅದಕ್ಕೆ ಕನಿಷ್ಠ ಎಂ30, ಸಳಿ, ಅಂದ್ರೆ ಒಳಗಿನ ಕಬ್ಬಿಣದ ಸರಳಿನ ಮೇಲೆ 45 ಮಿಲಿಮೀಟರ್ ಕವರ್, ಅಂದ್ರೆ ಅಷ್ಟು ದಪ್ಪ ಕಾಂಕ್ರೀಟು. ಉಪ್ಪುಗಾಳಿ ನೇರ ಬಡಿಯದ ಹಾಗೆ ಮರೆಯಲ್ಲಿದ್ರೂ ಎಂ25, 30 ಮಿಲಿಮೀಟರ್. ಎಂ20 ಎರಡರಲ್ಲೂ ಇಲ್ಲ. ಕಾರವಾರದ ಹಳೇ ಕಟ್ಟಡಗಳ ಸಜ್ಜಾ ಕೆಳಗೆ ನಿಂತು ಮೇಲೆ ನೋಡಿ, ಪ್ಲಾಸ್ಟರ್ ಉದುರಿ ಕೆಂಪು ತುಕ್ಕಿನ ಸಳಿ ಹಲ್ಲು ಕಿಸಿದಿರತ್ತೆ, ಅದು ಇದ್ರ ಫಲ. ನಾನು ಎಂಜಿನಿಯರಲ್ಲ, ಹೈಸ್ಕೂಲಲ್ಲಿ ಗಣಿತ ಹೇಳ್ಕೊಡೋದು, ಸ್ಟ್ರಕ್ಚರಲ್ ಡ್ರಾಯಿಂಗ್ ಮಾಡಿಕೊಟ್ಟವ್ರು ಹೇಳಿದ ಮೇಲೆ ಗೊತ್ತಾಗಿದ್ದು. ಕಂಪನಿಗೆ ಹೇಳಿದ್ರೆ "ಮೇಡಂ, ನಮ್ದು ಎಲ್ಲಾ ಸೈಟಲ್ಲೂ ಎಂ20ನೇ" ಅಂತ. ಆಮೇಲೆ ವ್ಯತ್ಯಾಸದ ದುಡ್ಡು ತಗೊಂಡು ಫೂಟಿಂಗು ಕಾಲಮ್ಮು ಬೀಮು ಸ್ಲ್ಯಾಬಿಗೆ ಎಂ30 ಹಾಕಿದ್ರು, ಹಾಕುವಾಗ ಚೊಕ್ಕಾಗಿ ಹಾಕಿದ್ರು ಅದು ಬೇರೆ ಮಾತು.

ಅದಕ್ಕೇ ಅಂಟ್ಕೊಂಡಿದ್ದು ನೀರು. ಪಕ್ಕದ ಬಾವಿ ನೀರು ಬೇಸಿಗೇಲಿ ಸ್ವಲ್ಪ ಉಪ್ಪು. ಕಬ್ಬಿಣ ಇರೋ ಕಾಂಕ್ರೀಟಿಗೆ ಕಲ್ಸೋ ನೀರಲ್ಲಿ ಕ್ಲೋರೈಡು ಲೀಟರಿಗೆ 500 ಮಿಲಿಗ್ರಾಂ ದಾಟಬಾರ್ದು ಅಂತ ಅದೇ ಸ್ಟ್ಯಾಂಡರ್ಡ್ ಹೇಳತ್ತೆ. ಸೂಪರ್‌ವೈಸರ್ ಹುಡುಗ ಆ ಬಾವಿಗೇ ಪಂಪ್ ಇಳಿಸೋಕೆ ಹೊರಟಿದ್ದ. ತಡೆದಿದ್ದು ನಮ್ಮೂರ ಗವಂಡಿ, ಅಂದ್ರೆ ಗಾರೆ ಮೇಸ್ತ್ರಿ, ಕಂಪನಿ ಕೆಳಗೆ ಸಬ್ ಕಂಟ್ರಾಕ್ಟ್ ಮೇಲೆ ಕೆಲ್ಸ ಮಾಡ್ತಿದ್ದವ್ರು, "ಅಕ್ಕೋರೆ, ಈ ನೀರಲ್ಲಿ ಚಾ ಮಾಡಿ ಕೊಟ್ರೆ ನೀವು ಕುಡೀತ್ರಾ? ಮತ್ತೆ ಸಳಿಗೆ ಎಂತಕ್ಕೆ ಕುಡ್ಸೂದು" ಅಂದ್ರು. ಅಲ್ಲಿಂದ ಟ್ಯಾಂಕರ್. ಕಲ್ಸೋಕೆ, ಕ್ಯೂರಿಂಗಿಗೆ, ಏಪ್ರಿಲ್ ಮೇ ಬಿಸಿಲಲ್ಲಿ ಸ್ಲ್ಯಾಬ್ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಸೋಕೆ, ಎಲ್ಲಾ ಟ್ಯಾಂಕರ್. ಪ್ಯಾಕೇಜ್ ಕರಾರಲ್ಲಿ "ನೀರು, ವಿದ್ಯುತ್ ಮಾಲೀಕರದ್ದು" ಅಂತ ಇರತ್ತೆ, ಓದುವಾಗ ಏನೂ ಅನ್ಸಲ್ಲ. ಎಂ30 ವ್ಯತ್ಯಾಸ, ಕವರ್ ಬ್ಲಾಕು, ಟ್ಯಾಂಕರು ಮೂರೂ ಸೇರಿ 1.3 ಲಕ್ಷ. ಇದ್ರಲ್ಲಿ ಒಂದು ರೂಪಾಯಿನೂ ನನಗೆ ಹೊಟ್ಟೆ ಉರೀಲಿಲ್ಲ. ಬಾಡಿಗೆ ಮನೆ ಅಂದ್ರೆ ಮೂವತ್ತು ವರ್ಷ ದುಡೀಬೇಕು, ಹದಿನೈದನೇ ವರ್ಷಕ್ಕೆ ಸಜ್ಜಾ ಉದುರಿದ್ರೆ ಆ ರಿಪೇರಿ ಬಿಲ್ಲು ಇದ್ರ ಎಷ್ಟೋ ಪಟ್ಟು ಆಗತ್ತೆ, ಮೇಲಿಂದ ಬಾಡಿಗೆಯವ್ರೂ ಖಾಲಿ ಮಾಡ್ತಾರೆ.

ರೇತಿ ಬಗ್ಗೆ ಜಾಸ್ತಿ ಹೇಳಲ್ಲ, ನಮ್ಮ ಜಿಲ್ಲೆಯವ್ರಿಗೆ ಹೊಸ್ದಲ್ಲ, ಹೊಳೆ ರೇತಿ ಬಂದ್ ಆದಾಗ ರೇಟ್ ಹಾರತ್ತೆ, ಶುರು ಆದಾಗ ಇಳಿಯತ್ತೆ. ಕರಾರಲ್ಲಿ "ಸಾಮಾನಿನ ದರ ಏರಿದ್ರೆ ಹೆಚ್ಚುವರಿ" ಅನ್ನೋ ಸಾಲಿದ್ರೆ ಹೊಡೆಸಿ ಹಾಕ್ಸಿ, ಇಲ್ಲಾ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ರೇತಿ) ಅಂತ ಮೊದ್ಲೇ ಬರೆಸಿ. ನಮ್ದು ಕಾಂಕ್ರೀಟಿಗೆ ಎಂ-ಸ್ಯಾಂಡ್, ಪ್ಲಾಸ್ಟರಿಗೆ ಅದಕ್ಕಿಂತ ನುಣುಪಾದ ಪಿ-ಸ್ಯಾಂಡ್, ತೊಂದ್ರೆ ಆಗ್ಲಿಲ್ಲ. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28 ಇದ್ದಿದ್ದು 18ಕ್ಕೆ ಇಳೀತು, ಪ್ಯಾಕೇಜಿನವ್ರು ರೇಟ್ ಏರಿದ್ರೆ ಫೋನ್ ಮಾಡ್ತಾರೆ, ಇಳಿದಾಗ ಫೋನ್ ಮಾಡೋದಿಲ್ಲ, ನೀವೇ ಮಾಡ್ಬೇಕು.

ಗೋಡೆ ಚಿರೇಕಲ್ಲಿಂದು, ಇದು ನಮ್ಮ ಹಟ. ಅವ್ರು ಬ್ಲಾಕ್ ಅಂದ್ರು, ನಾವು ಕಲ್ಲೇ ಬೇಕು ಅಂದ್ವಿ, ಅದಕ್ಕೆ ಹೆಚ್ಚು ಏನೂ ಕೇಳ್ಲಿಲ್ಲ, ಇಲ್ಲಿ ಕಲ್ಲು ಸುಲಭಕ್ಕೆ ಸಿಗತ್ತೆ. ಒಳ್ಳೇ ಮಾತು ಹೇಳ್ಲೇಬೇಕು ಅಂದ್ರೆ ಗೋಡೆ ಕೆಲ್ಸ, ಟೈಲ್ಸ್ ಲೆವೆಲ್ಲು, ಬಾತ್‌ರೂಮ್ ಇಳಿಜಾರು, ವೈರಿಂಗು ಇವೆಲ್ಲಾ ನಾನು ನೋಡಿದ ಬೇರೆ ಮನೆಗಿಂತ ಚೆನ್ನಾಗಿದೆ. ಸ್ಟೀಲು ಹೇಳಿದ ಕಂಪನಿದೇ ತಂದ್ರು, ಪ್ರತಿ ಹಂತಕ್ಕೂ ಫೋಟೋ ಕಳ್ಸಿದ್ರು. ಶಾಲೆ ಬಿಟ್ಟು ದಿನಾ ಸೈಟಿಗೆ ಹೋಗಿ ನಿಲ್ಲೋಕೆ ಆಗದ ನನ್ನಂಥವ್ರಿಗೆ ಇದು ದೊಡ್ಡ ಉಪಕಾರ. ಗವಂಡಿಗೆ ಮಜೂರಿ ಲೆಕ್ಕದಲ್ಲಿ ಕೊಟ್ಟು ಸಾಮಾನು ನಾವೇ ತರಿಸಿದ್ರೆ ಅಡಿಗೆ ಇನ್ನೂರು ಮುನ್ನೂರು ಉಳಿಯತ್ತೆ ಅಂತ ಎಲ್ರೂ ಹೇಳ್ತಾರೆ, ಉಳಿಯತ್ತೆ ಇರ್ಬಹುದು, ಅರ್ಧ ಚೀಲ ಸಿಮೆಂಟಿಗೂ ಯಾರಾದ್ರೂ ಓಡ್ಬೇಕಲ್ಲ.

ಪ್ಯಾಕೇಜಲ್ಲಿ ಕಾಂಪೌಂಡ್ ಇಲ್ಲ. ಮೂರು ಗುಂಟೆ ಸುತ್ತ 230 ಅಡಿ ಹತ್ರ ಗೋಡೆ, ಗೇಟು, ಎರಡೂ ಸೇರಿ 2.2 ಲಕ್ಷ. ಸೆಪ್ಟಿಕ್ ಟ್ಯಾಂಕು, ಸಂಪು, ಬಾವಿ ರಿಂಗು, ಮೇಲಿನ ಟ್ಯಾಂಕು, ಮೋಟರು ಇವು 2.1 ಲಕ್ಷ. ಸೆಪ್ಟಿಕ್ ಟ್ಯಾಂಕ್ ಬಗ್ಗೆ ಒಂದ್ಮಾತು: ತಗ್ಗು ಜಾಗದಲ್ಲಿ ಮಳೆಗಾಲದಲ್ಲಿ ನೆಲದ ನೀರು ಮೇಲಕ್ಕೆ ಬರತ್ತೆ, ಇಂಗುಗುಂಡಿ ಇಂಗೋದೇ ಇಲ್ಲ, ಎರಡು ಸಂಸಾರದ ನೀರು ಎಲ್ಲಿಗೆ ಹೋಗ್ಬೇಕು. ನಾವು ಟ್ಯಾಂಕ್ ದೊಡ್ಡದು ಮಾಡ್ಸಿ, ಪೂರ್ತಿ ಕಾಂಕ್ರೀಟಿಂದು, ಇಂಗುಗುಂಡಿನ ಮಣ್ಣು ತುಂಬ್ಸಿದ ಎತ್ತರದ ಬದಿಗೆ ಇಟ್ವಿ, ಬಾವಿಯಿಂದ ಎಷ್ಟು ದೂರ ಆಗತ್ತೋ ಅಷ್ಟು ದೂರ. ಹೆಸ್ಕಾಂದು ಎರಡು ಮನೆ ಮೀಟರು, ಮೋಟರು ಮೆಟ್ಟಿಲ ಲೈಟಿಗೆ ಮೂರನೇ ಮೀಟರು, ಡಿಪಾಸಿಟ್ಟು, ಕಟ್ಟೋ ಟೈಮಿನ ತಾತ್ಕಾಲಿಕ ಕನೆಕ್ಷನ್ ಬಿಲ್ಲು, ಅರ್ಥಿಂಗು ಸೇರಿ 90 ಸಾವಿರ. ಸ್ವಂತ ಮನೆಗೆ ಒಂದೇ ಮೀಟರ್ ಸಾಕು, ಬಾಡಿಗೆ ಮನೆಗೆ ಮೂರನೇ ಮೀಟರ್ ಇಲ್ದಿದ್ರೆ ಮೋಟರ್ ಬಿಲ್ ಯಾರದ್ದು ಅನ್ನೋ ಜಗಳ ತಿಂಗಳಿಗೊಂದ್ಸಲ ನಿಮ್ಮ ಮನೆಗೇ ಬರತ್ತೆ.

ಎಲ್ಲಕ್ಕಿಂತ ದೊಡ್ಡ ಒಂದೇ ಬಾಬ್ತು ಅಂದ್ರೆ ಸ್ಲ್ಯಾಬ್ ಮೇಲಿನ ಶೀಟಿನ ಮಾಡು (ಚಾವಣಿ). 2.9 ಲಕ್ಷ. ಘಟ್ಟದ ಮೇಲಿನವ್ರಿಗೆ ಇದು ಶೋಕಿ ಅನ್ಸತ್ತೆ, ಮಾರ್ಕೆಟಿಂಗ್ ಹುಡುಗನೂ "ವಾಟರ್‌ಪ್ರೂಫಿಂಗ್ ಕೋಟ್ ಪ್ಯಾಕೇಜಲ್ಲೇ ಇದೆ ಮೇಡಂ, ಮಾಡು ಯಾಕೆ" ಅಂದ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡದೆ ಹೊಡೆಯೋ ಮಳೆಲಿ ಯಾವ ಕೋಟೂ ಬಹಳ ವರ್ಷ ತಡೆಯಲ್ಲ, ನಮ್ಮೂರಲ್ಲಿ ಸ್ಲ್ಯಾಬಿನ ಮನೆ ಮೇಲೂ ಶೀಟಿನ ಮಾಡು ಯಾಕೆ ಇರತ್ತೆ ಅಂತ ರಸ್ತೆಲಿ ನಿಂತು ನೋಡಿದ್ರೇ ಗೊತ್ತಾಗ್ಬೇಕು. ಆದ್ರೆ ನಾನು ಮಾಡು ಹಾಕ್ಸಿದ್ದು ಬರೀ ಸೋರಿಕೆಗಲ್ಲ. ಬಾಡಿಗೆಗೆ ಮನೆ ನೋಡೋಕೆ ಬಂದವ್ರಲ್ಲಿ ಹೆಂಗಸರು ಮೊದ್ಲು ಕೇಳಿದ್ದು ಅಡುಗೆಮನೆ ಅಲ್ಲ, ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗ್ಸೋದು ಅಂತ. ಮೇಲೆ ಕರ್ಕೊಂಡು ಹೋಗಿ ಮಾಡಿನ ಕೆಳಗೆ ಹಗ್ಗ ಕಟ್ಟೋ ಕೊಕ್ಕೆ ತೋರಿಸ್ದೆ, ಮಾತು ಅಲ್ಲಿಗೇ ಮುಗೀತು. 13 ಸಾವಿರಕ್ಕೆ ಚೌಕಾಸಿ ಮಾಡ್ಲಿಲ್ಲ. ಮೇಲಿನ ಮನೆಗೆ ಬೇಸಿಗೆ ಕಾವೂ ಕಮ್ಮಿ. ಕಂಪನಿ ಮೇಲಿನ ನನ್ನ ತಕರಾರು ಇಷ್ಟೇ, ಕಾರವಾರದಲ್ಲಿ ಆಫೀಸ್ ಇಟ್ಕೊಂಡು, ಇಲ್ಲಿನ ಮನೆಗಳ ಫೋಟೋನೇ ಬ್ರೋಷರಲ್ಲಿ ಹಾಕಿ, ಆ ಫೋಟೋದಲ್ಲಿ ಎಲ್ಲಾ ಮನೆ ಮೇಲೂ ಶೀಟಿನ ಮಾಡು ಕಾಣ್ತಾ ಇರುವಾಗ, ರೇಟಿನ ಹಾಳೆಲಿ ಅದ್ರ ಒಂದು ಸಾಲೂ ಇಲ್ಲ. ಮರೆತು ಬಿಟ್ಟಿದ್ದಲ್ಲ ಅದು.

ಮನೆ ಮುಗೀತು ಅಂತ ಕಂಪನಿ ಹೇಳಿದ ದಿನಕ್ಕೂ ಬಾಡಿಗೆಯವ್ರು ಸಾಮಾನು ಇಳ್ಸೋ ದಿನಕ್ಕೂ ನಡುವೆ ಇನ್ನೊಂದು ಖರ್ಚಿನ ರಾಶಿ. ಫ್ಯಾನು, ಲೈಟು, ಗೀಸರು, ಕಿಟಕಿಗೆ ಸೊಳ್ಳೆ ಜಾಳಿಗೆ, ಬಟ್ಟೆ ಕಪಾಟು, ಅಡುಗೆಮನೆ ಕಟ್ಟೆ ಕೆಳಗಿನ ಖಾನೆ, ಹೆಚ್ಚುವರಿ ಗ್ರಿಲ್ಲು, 1.9 ಲಕ್ಷ. ಉತ್ತರ ಭಾರತದಿಂದ ಬರೋ ನೇವಿ ಸಂಸಾರದವ್ರು ಎರಡು ಮೂರು ವರ್ಷಕ್ಕೆ ಬಂದು ಹೋಗೋವ್ರು, ಕಪಾಟು ಹೊತ್ಕೊಂಡು ತಿರುಗಲ್ಲ, ಗೋಡೆಲೇ ಇದ್ರೆ ಮನೆ ಬೇಗ ಹೋಗತ್ತೆ. ಗ್ರಿಲ್ಲಿಗೆ ಬರೀ ಬಣ್ಣ ಬಳಿದ್ರೆ ಎರಡನೇ ಮಳೆಗೆ ತುಕ್ಕು, ಗ್ಯಾಲ್ವನೈಸ್ಡ್ ಹಾಕ್ಸಿ. ಬಾತ್‌ರೂಮಿಗೆ ಮರದ ಬಾಗಿಲು ಬೇಡ್ವೇ ಬೇಡ, ಮಳೆಗಾಲದಲ್ಲಿ ಉಬ್ಬಿ ಚಿಲಕ ಬೀಳಲ್ಲ. ಗೆದ್ದಲಿನ ಔಷಧಿ ಪ್ಲಿಂತ್ ಟೈಮಲ್ಲೇ ಹೊಡೆಸ್ಬೇಕು, ಆಮೇಲೆ ನೆಲ ಕೊರೀಬೇಕಾಗತ್ತೆ, ಅದೂ ಪ್ಯಾಕೇಜಲ್ಲಿ ಇರ್ಲಿಲ್ಲ, ಸಣ್ಣ ಖರ್ಚು ಬಿಡಿ.

ಈಗ ಕೂಡಿಸಿ ನೋಡಿ. ಮಣ್ಣು 1.75, ಪ್ಲಾನು ಫೀಸು 0.95, ಕಾಂಕ್ರೀಟು ನೀರು 1.3, ಕಾಂಪೌಂಡು 2.2, ಟ್ಯಾಂಕು ಬಾವಿ 2.1, ಕರೆಂಟು 0.9, ಮಾಡು 2.9, ಒಳಗಿನ ಸಾಮಾನು 1.9. ಸರಿಯಾಗಿ 14 ಲಕ್ಷ. 39ರ ಮೇಲೆ 14 ಅಂದ್ರೆ ಮೂರನೇ ಒಂದು ಪಾಲಿಗಿಂತ ಜಾಸ್ತಿ. ಎಸ್ಟಿಮೇಟ್ ಮೇಲೆ ಹತ್ತು ಪರ್ಸೆಂಟ್ ಎಕ್ಸ್ಟ್ರಾ ಇಟ್ಕೊಳ್ಳಿ ಅಂತ ಸಲಹೆ ಕೊಡೋವ್ರು ಎಲ್ಲಾ ಕಡೆ ಸಿಗ್ತಾರೆ, ಆ ಹತ್ತು ಪರ್ಸೆಂಟು ಕಟ್ಟುವಾಗ ಆಗೋ ಹೆಚ್ಚುಕಮ್ಮಿಗೆ ಸರಿ, ಹಾಳೆಯಿಂದ ಹೊರಗೇ ಇಟ್ಟಿರೋ ಕೆಲ್ಸಕ್ಕೆ ಅದು ಎಲ್ಲಿ ಸಾಕು.

ಇಷ್ಟಕ್ಕೂ ಬಡ್ಡಿ ಸೇರ್ಸಿಲ್ಲ. ನಮ್ದು 30 ಲಕ್ಷ ಸಾಲ, 8.75 ಪರ್ಸೆಂಟ್. ಬ್ಯಾಂಕಿನವ್ರು ಹಂತ ಹಂತವಾಗಿ ಬಿಡ್ತಾರೆ, ಬಿಟ್ಟಷ್ಟಕ್ಕೆ ಅವತ್ತಿಂದಾನೇ ಬಡ್ಡಿ, ಪೂರ್ತಿ ಬಿಟ್ಟ ಮೇಲೆ ತಿಂಗಳಿಗೆ ಹತ್ರ ಹತ್ರ 22 ಸಾವಿರ. ಮನೆಲಿ ಬಾಡಿಗೆಯವ್ರು ಇಲ್ದೆ ಒಂದು ತಿಂಗಳು ಹೋದ್ರೆ 22 ಸಾವಿರ ಬಡ್ಡಿ, 26 ಸಾವಿರ ಬರಬೇಕಾಗಿದ್ದ ಬಾಡಿಗೆ, ಎರಡೂ ಸೇರಿ 48 ಸಾವಿರ. ಇಲ್ಲೇ ನೋಡಿ ನಮ್ಮ ಕರಾವಳಿ ಮಳೆ ಲೆಕ್ಕಕ್ಕೆ ಬರೋದು. ಅಕ್ಟೋಬರ್‌ನಲ್ಲಿ ಪಾಯ ತೆಗೆದ್ರೆ ಮೇ ಒಳಗೆ ಎರಡನೇ ಸ್ಲ್ಯಾಬ್ ಬಿದ್ದು, ಮಾಡು ಕೂತು, ಮಳೆಗಾಲ ಪೂರ್ತಿ ಒಳಗಡೆ ಟೈಲ್ಸು ವೈರಿಂಗು ಮಾಡ್ಕೊಳ್ಬಹುದು. ಜನವರಿಲಿ ಶುರು ಮಾಡಿದ್ರೆ ಜೂನ್ ಬಂದಾಗ ತೆರೆದ ಕಾಲಮ್ಮು ಆಕಾಶ ನೋಡ್ತಾ ನಿಂತಿರತ್ತೆ, ಸಳಿ ತುಕ್ಕು ಹಿಡಿಯತ್ತೆ, ತಾಡಪಾಲು ಕಟ್ಟಿ ಕೂರೋದು, ಮೂರು ನಾಲ್ಕು ತಿಂಗಳು ಗೋತಾ. ನಾಲ್ಕು ತಿಂಗಳು ಅಂದ್ರೆ 1.92 ಲಕ್ಷ, ಯಾವ ಎಸ್ಟಿಮೇಟಲ್ಲೂ ಇರಲ್ಲ, ಯಾರಿಗೂ ಬಿಲ್ ಕೊಡೋದಿಲ್ಲ, ಹಾಗೇ ಹೋಗತ್ತೆ. ನಮ್ಮ ಕಂಪನಿ ಅಕ್ಟೋಬರ್‌ನಲ್ಲಿ ಶುರು ಮಾಡ್ತು, ಸ್ಲ್ಯಾಬ್ ಟೈಮಿಗೆ ಹಾಕ್ತು, ಇದಕ್ಕೆ ಪೂರ್ತಿ ಮಾರ್ಕ್. ಆದ್ರೆ ಮಾಡು ಬೇರೆಯವ್ರಿಗೆ ಕೊಡ್ಬೇಕಾಗಿ ಬಂದಿದ್ದರಿಂದ ಅದು ಜೂನ್ ಮಧ್ಯಕ್ಕೆ ಹೋಯ್ತು, ಅಷ್ಟ್ರಲ್ಲಿ ಹೊರಗಿನ ಪ್ಲಾಸ್ಟರ್ ನೆನೆದು ಬಣ್ಣ ಹೊಡೆಯೋಕೆ ಅಕ್ಟೋಬರ್ ತನಕ ಕಾಯ್ಬೇಕಾಯ್ತು. ಒದ್ದೆ ಗೋಡೆ ಮೇಲೆ ಬಣ್ಣ ಹೊಡೀರಿ ಮುಗ್ಸಿಬಿಡಿ ಅಂತ ಅವ್ರು, ಬೇಡ ಅಂತ ನಾನು. ಕೆಳಗಿನ ಮನೆ ಮಾತ್ರ ಬಣ್ಣ ಇಲ್ದೇನೇ ಆಗಸ್ಟಲ್ಲಿ ಬಾಡಿಗೆಗೆ ಹೋಯ್ತು, ಬಂದವ್ರು ಒಳಗೆ ನೋಡಿದ್ರು, ಹೊರಗೆ ತಲೆ ಕೆಡಿಸ್ಕೊಳ್ಲಿಲ್ಲ. ಮನೆ ಮುಗಿಯೋವರೆಗೆ ಕಟ್ಟಿದ ಬಡ್ಡಿ ಒಟ್ಟು 1.9 ಲಕ್ಷ.

ಒಟ್ಟು 54.9 ಲಕ್ಷ. ವರ್ಷದ ಬಾಡಿಗೆ ಅದೇ 3.12. ನೂರಕ್ಕೆ ಎಂಟು ಅಂದಿದ್ದು ಐದೂ ಮುಕ್ಕಾಲಿನ ಹತ್ರ ಬಂದು ನಿಂತಿದೆ. ಅದ್ರಲ್ಲೂ ವರ್ಗ ಆಗಿ ಹೋಗೋವ್ರ ನಡುವೆ ಒಂದು ತಿಂಗಳು ಖಾಲಿ, ಬ್ರೋಕರಿಗೆ ಒಂದು ತಿಂಗಳ ಬಾಡಿಗೆ, ಮನೆ ಕರ, ಉಪ್ಪುಗಾಳಿಗೆ ಪಾಚಿಗೆ ಮೂರು ನಾಲ್ಕು ವರ್ಷಕ್ಕೊಂದ್ಸಲ ಹೊರಗಿನ ಬಣ್ಣ ಅಂತ ತೆಗೆದ್ರೆ ಇನ್ನೂ ಇಳಿಯತ್ತೆ. ಆದಾಯ ತೆರಿಗೆಲಿ ಬಾಡಿಗೆಯಿಂದ ಮನೆ ಕರ ಕಳೆದು ಉಳಿದದ್ದರ 30 ಪರ್ಸೆಂಟ್ ರಿಪೇರಿ ಗಿಪೇರಿ ಲೆಕ್ಕಕ್ಕೆ ಬಿಡ್ತಾರೆ, ಬಿಲ್ ತೋರ್ಸೋದು ಬೇಡ, ಅದೊಂದು ಸಮಾಧಾನ. ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸು ಇಲ್ಲಿ ಯಾರೂ ಕೊಡಲ್ಲ, ಅದನ್ನ ನಂಬಿ ಕೊನೇ ಹಂತದ ಕೆಲ್ಸ ಮಾಡ್ಸೋ ಪ್ಲಾನ್ ಇದ್ರೆ ಬಿಡಿ.

ಹಾಗಂತ ಕಟ್ಟಿಸ್ಬಾರ್ದಿತ್ತು ಅಂತ ನನಗನ್ಸಿಲ್ಲ. ನಮ್ಮನೆಯವ್ರಂತೂ ಎಫ್‌ಡಿ ರಸೀದಿ ನೋಡಿದ್ರೆ ಯಾರು ಖುಷಿ ಪಡ್ತಾರೆ ಅಂತಾರೆ, ನಾನು ಅಷ್ಟು ದೂರ ಹೋಗಲ್ಲ, ಬಾಡಿಗೆ ಏರತ್ತೆ ಎಫ್‌ಡಿ ಬಡ್ಡಿ ಏರಲ್ಲ ಅನ್ನೋದು ಒಂದು ಮಾತು, ಜಾಗ ಖಾಲಿ ಬಿದ್ದಿದ್ರೆ ಗಡಿ ಜಗಳ ಬೇರೆ. ಆದ್ರೆ ಜಾಗನೂ ಈಗ್ಲೇ ಕೊಂಡು, ಮುದ್ರಾಂಕ ನೋಂದಣಿ ಎಲ್ಲಾ ಕಟ್ಟಿ, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಒಂದರಿಂದ ಎರಡು ಪರ್ಸೆಂಟ್ ಆಗಿದೆ ಅದನ್ನೂ ಸೇರಿಸಿ, ಆಮೇಲೆ ಸಾಲದಲ್ಲಿ ಮನೆ ಕಟ್ಟಿ ಬಾಡಿಗೆಲೇ ಕಂತು ಕಟ್ತೀನಿ ಅನ್ನೋವ್ರು ಈ ಪ್ಯಾಕೇಜಿನ ರೇಟ್ ನಂಬಿ ಹೊರಡ್ಬೇಡಿ, ಬಾಡಿಗೆ ಕಂತಿಗೆ ಸಾಲಲ್ಲ.

ಪ್ಯಾಕೇಜಿನವ್ರಿಗೇ ಕೊಡ್ತೀರಿ ಅಂದ್ರೆ, ಕೊಡಿ, ಕೆಲ್ಸ ಚೆನ್ನಾಗಿ ಮಾಡ್ತಾರೆ, ಮಾಡು, ಕಾಂಪೌಂಡು, ಸೆಪ್ಟಿಕ್ ಟ್ಯಾಂಕು, ಎಂ30 ಇವಿಷ್ಟನ್ನ ಮೊದ್ಲೇ ಅವ್ರ ಹಾಳೆಲೇ ರೇಟ್ ಸಮೇತ ಬರೆಸಿ, ಆಗ ಅವ್ರೇ ಸ್ವಲ್ಪ ಇಳಿಸ್ತಾರೆ, ನಡುವೆ ಕೇಳಿದ್ರೆ ಹೇಳಿದ್ದೇ ರೇಟು. ಇನ್ನೊಂದು, ಬಿಲ್ಲಿನಲ್ಲಿ ಐದು ಪರ್ಸೆಂಟ್ ಹಿಡಿದಿಡ್ತೀನಿ ಅಂತ ಕರಾರಲ್ಲಿ ಇರ್ಲಿ, ಅದೂ ಬೀಗದ ಕೈ ಕೊಟ್ಟ ದಿನ ಪೂರ್ತಿ ಕೊಡೋದಲ್ಲ, ಅವತ್ತು ಅರ್ಧ, ಉಳಿದರ್ಧ ಒಂದು ಮಳೆಗಾಲ ಕಳೆದ ಮೇಲೆ. ನಮ್ದು 1.95 ಲಕ್ಷ ಹಿಡಿದಿದ್ವಿ, ಅರ್ಧ ಕೊಟ್ಟಾಗಿದೆ. ಈ ಮಳೆಗೆ ಮೇಲಿನ ಮನೆ ಬಾತ್‌ರೂಮ್ ಹಿಂದಿನ ಗೋಡೆಲಿ ಪೈಪ್ ಹತ್ರ ಥಂಡಿ ಹಿಡಿದಿದೆ, ಫೋಟೋ ಕಳ್ಸಿದ್ದೀನಿ, ಸೂಪರ್‌ವೈಸರ್ ಬಂದು ನೋಡ್ಕೊಂಡು ಹೋಗಿದಾನೆ, ಮಳೆ ಸ್ವಲ್ಪ ಬಿಟ್ಮೇಲೆ ಒಡೆದು ಸರಿ ಮಾಡ್ತೀವಿ ಅಂದಿದಾರೆ. ಸರಿ ಮಾಡಿದ್ರೆ ಉಳಿದ ದುಡ್ಡು ಕೊಡ್ತೀನಿ, ಮಾಡಿದ ಮೇಲೆ ಇಲ್ಲೇ ಬರೀತೀನಿ.